ತಿರುಚು ಹೇಜಲ್ ಗಿಡ: ಬುಡದ ಚಿಗುರನ್ನು ಉಳಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ನೆಲೆಸಿರುವ ಅನೇಕ ಕನ್ನಡಿಗರು ನಿಮ್ಮ ಪತ್ರಿಕೆಯನ್ನು ಅಂತರ್ಜಾಲದಲ್ಲಿ ಓದುತ್ತೇವೆ. ಇಲ್ಲಿ ಹೊಸದಾಗಿ ಮನೆ ಕೊಂಡು ಕೈತೋಟ ಮಾಡಹೊರಟವರಲ್ಲಿ ಹಲವರು ತಿರುಚಿದ ಕೊಂಬೆಗಳ ಹೇಜಲ್ ಗಿಡಕ್ಕೆ (ಹೇಜಲ್‌ನಟ್ ಎಂಬ ತಿನ್ನುವ ಬೀಜ ಕೊಡುವ ಗಿಡದ ಒಂದು ತಳಿ) ಮನಸೋಲುತ್ತಾರೆ. ಆ ಗಿಡವನ್ನು ಬೆಳೆಸುವವರು ತಿಳಿದಿರಲೇಬೇಕಾದ ಎರಡು ಸಂಗತಿಗಳನ್ನು ಮಾರಾಟಗಾರರು ಎಷ್ಟೋ ಸಲ ಹೇಳುವುದೇ ಇಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸುಮಾರು 1863ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ಶೈರ್‌ನ ಬೇಲಿಯೊಂದರಲ್ಲಿ ಕಣ್ಣಿಗೆ ಬಿದ್ದ ಈ ವಿಲಕ್ಷಣ ಗಿಡಕ್ಕೆ, ಸೊಟ್ಟ ಊರುಗೋಲು ಹಿಡಿದು ವೇದಿಕೆಗೆ ಬರುತ್ತಿದ್ದ ಸ್ಕಾಟ್ಲೆಂಡಿನ ಗಾಯಕ ಹ್ಯಾರಿ ಲಾಡರ್ ಅವರ ಹೆಸರೂ ಅಂಟಿಕೊಂಡಿದೆ. ಎಂಟು ಹತ್ತು ಅಡಿ ಎತ್ತರಕ್ಕೆ ನಿಧಾನವಾಗಿ ಬೆಳೆಯುವ ಇದರ ಚೆಲುವು ಕಾಣುವುದು ಎಲೆ ಉದುರಿದ ಮೇಲೆಯೇ. ಚಳಿಗಾಲದ ಕೊನೆಗೆ ಬರಿಯ ಕೊಂಬೆಗಳಿಂದ ಹಳದಿ ಗಂಡುಹೂಗಳ ಗೊಂಚಲುಗಳು ಜೋತುಬಿದ್ದಾಗ, ಮಳೆ ಮೋಡದ ಮಬ್ಬಿನಲ್ಲಿ ಮುಳುಗಿರುವ ಇಲ್ಲಿನ ಅಂಗಳಕ್ಕೆ ಕಳೆ ಬರುತ್ತದೆ.

ಮೊದಲನೆಯ ಸಂಗತಿ ಕಸಿಗೆ ಸಂಬಂಧಿಸಿದ್ದು. ಮಾರುಕಟ್ಟೆಗೆ ಬರುವ ಗಿಡಗಳಲ್ಲಿ ಹೆಚ್ಚಿನವು ನೇರವಾಗಿ ಬೆಳೆಯುವ ಸಾಮಾನ್ಯ ಹೇಜಲ್‌ನ ಬೇರುಸಸಿಯ ಮೇಲೆ ಕಟ್ಟಿದವು. ನಮ್ಮೂರಿನ ಕಸಿ ಗುಲಾಬಿಯಲ್ಲಿ ಕಾಡುಗುಲಾಬಿಯ ಚಿಗುರು ಮೇಲೆದ್ದು ಕಸಿಯನ್ನೇ ನುಂಗಿಬಿಡುವಂತೆ, ಇಲ್ಲಿಯೂ ಬುಡದಿಂದ ನೆಟ್ಟಗಿನ, ಬಲವಾದ ಚಿಗುರುಗಳು ಏಳುತ್ತವೆ. ಗಿಡ ಸೊಂಪಾಗಿದೆಯೆಂದು ಅವುಗಳನ್ನು ಬಿಟ್ಟರೆ ಕೆಲವು ವರ್ಷಗಳಲ್ಲಿ ತಿರುಚು ಕೊಂಬೆಗಳು ಸೊರಗಿ, ಅಂಗಳದಲ್ಲಿ ಸಾಮಾನ್ಯ ಹೇಜಲ್ ಪೊದೆಯಷ್ಟೇ ಉಳಿಯುತ್ತದೆ. ಚಿಗುರು ಎಳೆಯದಿರುವಾಗಲೇ ಬುಡದ ಮಣ್ಣು ಸರಿಸಿ, ಅದು ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಬೇಕು. ನೆಲಮಟ್ಟಕ್ಕೆ ಕತ್ತರಿಸಿದರೆ ಒಂದರ ಬದಲು ನಾಲ್ಕು ಏಳುತ್ತವೆ. ಕಸಿ ಮಾಡದೆ ಸ್ವಂತ ಬೇರಿನ ಮೇಲೆ ಬೆಳೆಸಿದ ಗಿಡ ಸಿಕ್ಕರೆ, ಬೆಲೆ ತುಸು ಹೆಚ್ಚಾದರೂ ಅದನ್ನೇ ಕೊಳ್ಳುವುದು ಲೇಸು.

ಎರಡನೆಯದು ಇದಕ್ಕಿಂತ ಗಂಭೀರವಾದ ವಿಷಯ. ಈಸ್ಟರ್ನ್ ಫಿಲ್ಬರ್ಟ್ ಬ್ಲೈಟ್ ಎಂಬ ಶಿಲೀಂಧ್ರ ರೋಗವನ್ನು ಪೂರ್ವ ಅಮೆರಿಕದ ಕಾಡು ಹೇಜಲ್ ತಾಳಿಕೊಳ್ಳುತ್ತದೆ, ಆದರೆ ಯುರೋಪ್ ಮೂಲದ ಹೇಜಲ್‌ಗೆ, ಅದರದೇ ತಳಿಯಾದ ಈ ತಿರುಚು ಗಿಡಕ್ಕೆ, ಅದು ಮಾರಕ. ವಸಂತದ ಮಳೆಯಲ್ಲಿ ಎಳೆಯ ಚಿಗುರಿಗೆ ಸೋಂಕು ತಗಲಿದರೂ ಲಕ್ಷಣ ಕಾಣಿಸುವುದಕ್ಕೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆಮೇಲೆ ಕೊಂಬೆಯ ಉದ್ದಕ್ಕೂ ಕಪ್ಪು ಗಂಟುಗಳು ಸಾಲಾಗಿ ಏಳುತ್ತವೆ. ಅಮೆರಿಕದ ಹೇಜಲ್‌ನಟ್ ಬೆಳೆಯ ಬಹುಪಾಲು ಇದೇ ಆರೆಗಾನ್‌ನ ವಿಲಾಮೆಟ್ ಕಣಿವೆಯಲ್ಲಿದೆ. ಈ ರೋಗದಿಂದ ಇಲ್ಲಿನ ಎಷ್ಟೋ ಹಳೆಯ ತೋಟಗಳು ನೆಲಕಚ್ಚಿವೆ. ನಮ್ಮ ಅಂಗಳದಲ್ಲಿ ಅಂದಕ್ಕೆಂದು ನೆಟ್ಟ ಒಂದು ರೋಗಪೀಡಿತ ಗಿಡ ಪಕ್ಕದ ರೈತನ ತೋಟಕ್ಕೆ ಸೋಂಕಿನ ಮೂಲವಾಗಬಲ್ಲದು. ಆದ್ದರಿಂದ ಪ್ರತಿ ಚಳಿಗಾಲದಲ್ಲೂ ಕೊಂಬೆಗಳನ್ನು ಪರೀಕ್ಷಿಸಿ, ಗಂಟು ಕಂಡಲ್ಲಿಂದ ಎರಡು ಮೂರು ಅಡಿ ಕೆಳಗೆ ಕತ್ತರಿಸಿ, ಮೊಗ್ಗು ಒಡೆಯುವ ಮುನ್ನವೇ ಆ ಕೊಂಬೆಗಳನ್ನು ನಾಶಮಾಡಬೇಕು. ಹೊಸದಾಗಿ ನೆಡುವವರು ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ, ಈ ರೋಗಕ್ಕೆ ನಿರೋಧವುಳ್ಳ, ಕೆಂಗಂದು ಎಲೆಯ ‘ರೆಡ್ ಡ್ರ್ಯಾಗನ್’ ತಳಿಯನ್ನು ಆರಿಸಿಕೊಳ್ಳಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಊರಿಗೆ ಹೋಗುವಾಗ ಇದರ ಕಡ್ಡಿಯೊಂದನ್ನು ಒಯ್ಯುವ ಆಸೆ ಕೆಲವರಿಗಿದೆ. ದೀರ್ಘ ಚಳಿಯಿಲ್ಲದೆ ಸರಿಯಾಗಿ ಚಿಗುರದ ಈ ಗಿಡಕ್ಕೆ ಬೆಂಗಳೂರಿನ ಹವೆ ಹೊಂದುವುದಿಲ್ಲ. ಅಲ್ಲದೆ, ಭಾರತದ 2003ರ ಸಸ್ಯ ಸಂಪರ್ಕ ನಿಷೇಧ (ಪ್ಲಾಂಟ್ ಕ್ವಾರಂಟೈನ್) ಆದೇಶದ ಪ್ರಕಾರ, ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರಗಳಿಲ್ಲದೆ ಇಂಥ ಸಸ್ಯಭಾಗಗಳನ್ನು ಭಾರತಕ್ಕೆ ತರುವಂತಿಲ್ಲ.

ಇಂತಿ,
ಓರ್ವ ಓದುಗ,
ಬೀವರ್ಟನ್, ಆರೆಗಾನ್