ಬ್ಯಾಗಿಗೆ ಕೈ ಹಾಕದ ಕಂಡಕ್ಟರಣ್ಣನಿಗೆ

ಹೊಟ್ಟೆಯ ಸೋಂಕು ಇಳಿದಿದೆ, ಡಯಾಲಿಸಿಸ್‌ಗೆಂದು ಹೊಟ್ಟೆಗೆ ಹಾಕಿದ ಕ್ಯಾಥೆಟರ್ (ಟ್ಯೂಬ್) ತೆಗೆಯುವುದು ಬೇಡ, ಮನೆಯಲ್ಲೇ ಮುಂದುವರಿಸಿ ಎಂದು ಸೋಮವಾರ ಡಾಕ್ಟರು ಹೇಳಿದರು. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಒಬ್ಬೊಬ್ಬರಿಗೇ ಉತ್ತರಿಸಲು ಆಗಲಿಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಿಡ್ನಿಗೆ ಎಂತ ಆಯ್ತು, ಹೇಗೆ ಆಯ್ತು ಎಂಬುದೆಲ್ಲ ನಿಮಗೆ ಗೊತ್ತಿರುವುದೇ. ಅದು ಬೇಡ.

ತರಬೇತಿ ಕೊಟ್ಟ ಸಿಸ್ಟರ್, ಅಪರಾತ್ರಿಯಲ್ಲೂ ಫೋನ್ ಎತ್ತಿದ ಡಾಕ್ಟರು, ಜಡಿಮಳೆಯಲ್ಲಿ ದ್ರಾವಣದ ಪೆಟ್ಟಿಗೆಗಳನ್ನು ಹೊತ್ತು ಮೆಟ್ಟಿಲು ಹತ್ತಿದ ಹುಡುಗರು, ಬಾಡಿಗೆ ಕೇಳದ ರಿಕ್ಷಾದ ಅಣ್ಣ, ಗಂಜಿ-ಪಲ್ಯ ಕಳಿಸಿದ ಎದುರು ಮನೆಯವರು, ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಶಾಲೆಯವರು, ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ಜನರನ್ನು ಒಂದೇ ವಾಕ್ಯದಲ್ಲಿ ಮುಗಿಸಿದಳು ಅಂತ ಬೇಸರ ಮಾಡಬೇಡಿ. ಉಳಿದ ಜಾಗ ಒಬ್ಬರಿಗೆ ಬೇಕು.

ಅವರ ಹೆಸರು ಹಾಕಬಾರದಂತೆ. "ಹಾಕಿದರೆ ಮತ್ತೆ ನಿಮ್ಮ ಫೋನ್ ಎತ್ತುವುದಿಲ್ಲ" ಎಂದಿದ್ದಾರೆ. ಹೇಳಿದರೆ ಹೇಳಿದ ಹಾಗೆ ಮಾಡುವ ಜನ. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಆದ್ದರಿಂದ ನಮ್ಮ ಒಪಿಡಿಯ ಬೆಂಚಿನಲ್ಲಿ ಎಲ್ಲರಿಗೂ ಕಂಡಕ್ಟರಣ್ಣ. ಬ್ಯಾಗಿನ ದ್ರಾವಣವನ್ನು ಹೊಟ್ಟೆಗೆ ತುಂಬಿಸಿ, ಕೆಲವು ಗಂಟೆ ಇಟ್ಟು, ಇಳಿಸಿ, ಮತ್ತೆ ಹೊಸದು ತುಂಬಿಸುವ ಈ ಹೊಟ್ಟೆಯ ಡಯಾಲಿಸಿಸಿನಲ್ಲಿ ನನಗಿಂತ ತುಂಬ ಹಿರಿಯರು. ಸಿಸ್ಟರ್ ಕಲಿಸಿದ ಪಾಠವನ್ನು ನಮ್ಮ ಸೆಕೆಯಲ್ಲಿ, ನಮ್ಮ ಮಳೆಯಲ್ಲಿ, ನಮ್ಮ ಸಣ್ಣ ಕೋಣೆಯಲ್ಲಿ ನಡೆಸುವುದು ಹೇಗೆ ಎಂದು ತೋರಿಸಿದವರು ಅವರು. ತೋರಿಸಿದರು ಅಂದೆ, ಆದರೆ ಮೊದಲ ದಿನದಿಂದ ಇವತ್ತಿನವರೆಗೆ ನನ್ನ ಒಂದು ಬ್ಯಾಗಿಗೂ ಅವರು ಕೈ ಹಾಕಿದ್ದಿಲ್ಲ. ಗೋಡೆಗೆ ಒರಗಿ, ಮಾಸ್ಕ್ ಹಾಕಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. "ಟೀಚರೇ, ಹೊಟ್ಟೆ ನಿಮ್ಮದು, ಕೈಯೂ ನಿಮ್ಮದೇ ಆಗಬೇಕು. ನಾಳೆ ಕಾಪುವಿನಿಂದ ನಾನು ಬರುವಷ್ಟರಲ್ಲಿ ನಿಮ್ಮ ಹೊಟ್ಟೆ ಕಾಯ್ತದಾ?"

ಹೊಸದಾಗಿ ಶುರು ಮಾಡಿದವರು ಇದನ್ನು ಓದುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ ಅವರ ಪಾಠದಲ್ಲಿ ಕೆಲವನ್ನು ಇಲ್ಲಿ ಹಾಕುತ್ತೇನೆ. ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅವರದ್ದೇ ಕೊನೆಯ ಮಾತು.

ಮೊದಲನೆಯದು ಕೈ. ಸೋಪು ಹಾಕಿ ತೊಳೆಯುವುದನ್ನು ಎಲ್ಲರೂ ಮಾಡುತ್ತಾರೆ, ಎಡವುವುದು ಒರೆಸುವಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಯಾವ ಬೈರಾಸೂ ಪೂರ್ತಿ ಒಣಗುವುದಿಲ್ಲ. ತೇವದ ಬಟ್ಟೆಯಲ್ಲಿ ಒರೆಸಿದರೆ ತೊಳೆದ ಕೈಗೆ ಮತ್ತೆ ಕ್ರಿಮಿ ಹಚ್ಚಿದ ಹಾಗೆಯೇ. ಪೇಪರ್ ಟಿಶ್ಯೂ ಬಳಸಿ, ಅದಿಲ್ಲದಿದ್ದರೆ ಇಸ್ತ್ರಿ ಹಾಕಿ ಮುಚ್ಚಿಟ್ಟ ಚಿಕ್ಕ ಬಟ್ಟೆ. ಕಿಟಕಿ-ಬಾಗಿಲು ಹಾಕಿ ಫ್ಯಾನ್ ನಿಲ್ಲಿಸಿದ ಮೇಲೆ ಹಣೆಯ ಬೆವರು ತೊಟ್ಟಿಕ್ಕುತ್ತದೆ. ಕನೆಕ್ಷನ್ ಕೊಡುವ ಹೊತ್ತಿಗೆ ಕೈ ತಾನಾಗಿಯೇ ಹಣೆಗೆ ಹೋಗುತ್ತದೆ. ಹಾಗಾಗಿ ಕೈ ತೊಳೆಯುವ ಮುಂಚೆಯೇ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಳ್ಳಬೇಕು. ಇದು ಯಾವ ಕಿರುಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ.

ಮತ್ತೆ ಫ್ಲಶ್. ಹೊಟ್ಟೆಯ ಹಳೆಯ ನೀರು ಪೂರ್ತಿ ಇಳಿದ ಮೇಲೆ, ಟ್ರಾನ್ಸ್‌ಫರ್ ಸೆಟ್ (ಕ್ಯಾಥೆಟರ್ ತುದಿಗೆ ಸಿಕ್ಕಿಸಿರುವ ಚಿಕ್ಕ ಟ್ಯೂಬ್) ಮುಚ್ಚಿಟ್ಟುಕೊಂಡು, ಹೊಸ ಬ್ಯಾಗಿನ ದ್ರಾವಣವನ್ನು ಸುಮಾರು ಐದು ಸೆಕೆಂಡು ನೇರ ಆ ಹಳೆಯ ನೀರು ಇಳಿದ ಬ್ಯಾಗಿಗೇ ಹರಿಸಬೇಕು. ಹಾಗೆ ಮಾಡಿದರೆ ಟ್ಯೂಬಿನ ಗಾಳಿ ಹೋಗುತ್ತದೆ, ಜೋಡಿಸುವಾಗ ಏನಾದರೂ ಕ್ರಿಮಿ ಸೇರಿದ್ದರೆ ಅದೂ ಹೊಟ್ಟೆಗೆ ಬದಲು ಕಸದ ಬ್ಯಾಗಿಗೆ ಹೋಗುತ್ತದೆ. 1976ರ ಹೊತ್ತಿಗೆ ಅಮೆರಿಕದ ಆಸ್ಟಿನ್‌ನಲ್ಲಿ ಪೊಪೊವಿಚ್, ಮಾಂಕ್ರೀಫ್ ಎಂಬವರು ದಿನವಿಡೀ ಹೊಟ್ಟೆಯಲ್ಲಿ ನೀರಿಟ್ಟುಕೊಳ್ಳುವ ಈ ಡಯಾಲಿಸಿಸ್ ಪದ್ಧತಿ ಶುರು ಮಾಡಿದಾಗ ದ್ರಾವಣ ಬರುತ್ತಿದ್ದದ್ದು ಗಾಜಿನ ಬಾಟಲಿಗಳಲ್ಲಿ. ಸೋಂಕಿನ ಕಾಟಕ್ಕೆ ಎಷ್ಟೋ ಜನ ಬಿಟ್ಟುಬಿಡುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಬ್ಯಾಗ್ ಬಂತು, ವೈ ಆಕಾರದ ಟ್ಯೂಬ್ ಬಂತು, ತುಂಬುವ ಮುಂಚೆ ತೊಳೆಯುವ ಈ ಕ್ರಮ ಬಂತು, ಸೋಂಕು ಇಳಿಯಿತು. ಐದು ಸೆಕೆಂಡನ್ನು ಉಳಿಸಲು ಹೋಗುವವರನ್ನು ಕಂಡರೆ ಕಂಡಕ್ಟರಣ್ಣನಿಗೆ ಸಿಟ್ಟು ಬರುವುದು ಅದಕ್ಕೇ.

ಜೋಡಿಸುವ ತುದಿ ಎಲ್ಲಿಯಾದರೂ ತಾಗಿದರೆ? ಬಟ್ಟೆಗೆ, ಬೆರಳಿಗೆ, ಎಲ್ಲಿಗೇ ಆಗಲಿ. ಒರೆಸಿ ಮುಂದುವರಿಸುವ ಹಾಗಿಲ್ಲ. ಕ್ಲ್ಯಾಂಪ್ ಬಿಗಿ ಮಾಡಿ, ಒಂದು ಹನಿಯನ್ನೂ ಒಳಗೆ ಬಿಡದೆ, ಹೊಸ ಕ್ಯಾಪ್ ಹಾಕಿ ಆಸ್ಪತ್ರೆಗೆ ಫೋನ್ ಮಾಡಬೇಕು. ಟ್ರಾನ್ಸ್‌ಫರ್ ಸೆಟ್ ಬದಲಿಸುತ್ತಾರೆ. ದ್ರಾವಣ ಆಗಲೇ ಒಳಗೆ ಹೋಗಿದ್ದರೆ ಆ್ಯಂಟಿಬಯೋಟಿಕ್ಕೂ ಬೇಕಾಗುತ್ತದೆ, ಅದನ್ನು ಮುಚ್ಚಿಡದೆ ಹೇಳಿ. ಏನೂ ಆಗದಿದ್ದರೂ ಆ ಸೆಟ್ಟನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಬ್ಯಾಗ್ ಬಿಸಿ ಮಾಡುವ ವಿಷಯದಲ್ಲಿ ಒಂದೇ ಮಾತು: ಬಿಸಿನೀರಿನಲ್ಲಿ ಅದ್ದಬೇಡಿ, ಮೈಕ್ರೋವೇವ್‌ಗೆ ಹಾಕಬೇಡಿ. ನೀರಿನ ತೇವ ಬಾಯಿಯ ಬಳಿ ನಿಂತು ಸೋಂಕು ತರುತ್ತದೆ, ಮೈಕ್ರೋವೇವ್ ಒಂದು ಕಡೆ ಕುದಿಸಿ ಇನ್ನೊಂದು ಕಡೆ ತಣ್ಣಗೇ ಬಿಡುತ್ತದೆ. ಕರೆಂಟ್ ಹೋಗಿ ವಾರ್ಮರ್ ನಿಂತರೆ ನಮ್ಮ ಊರಿನ ಹವೆಗೆ ಹಾಗೆಯೇ ತುಂಬಿಸಿಕೊಂಡರೂ ಸ್ವಲ್ಪ ಚಳಿ, ಸ್ವಲ್ಪ ಹೊಟ್ಟೆ ಹಿಡಿತ, ಅಷ್ಟೇ.

ಅವರ ನಿಜವಾದ ಕಸುಬು ಲೆಕ್ಕದ್ದು. ರಾತ್ರಿ ಡಿಪೋದಲ್ಲಿ ಟಿಕೆಟ್ ಪುಸ್ತಕವನ್ನೂ ಹಣದ ಚೀಲವನ್ನೂ ತಾಳೆ ನೋಡುವ ಹಾಗೆ ಅವರು ಹೊಟ್ಟೆಗೆ ಹೋದ ನೀರನ್ನೂ ಬಂದ ನೀರನ್ನೂ ತಾಳೆ ನೋಡುತ್ತಾರೆ. ಬ್ಯಾಗಿನ ಮೇಲೆ 2 ಲೀಟರ್ ಎಂದಿರುತ್ತದೆ, ಆದರೆ ಫ್ಲಶ್‌ಗೆ ಬೇಕಾಗುವಷ್ಟು ಹೆಚ್ಚಿಗೆ ತುಂಬಿಸಿರುತ್ತಾರೆ. ಹೊರಬಂದ ಬ್ಯಾಗನ್ನು ಮಾತ್ರ ತೂಗಿ 2,100 ಬಂತು, 100 ಮಿಲಿ ಹೆಚ್ಚು ನೀರು ಹೋಯಿತು ಎಂದು ಬರೆದುಕೊಂಡರೆ, ಆ 100 ಬರೀ ಫ್ಲಶ್ ನೀರೇ ಆಗಿರಬಹುದು. ಅತ್ತ ಕಾಲು ಊದುತ್ತಿರುತ್ತದೆ, ಇತ್ತ ಪುಸ್ತಕದಲ್ಲಿ ಎಲ್ಲ ಸರಿಯಾಗಿರುತ್ತದೆ. ಅವರ ಕ್ರಮ ಹೀಗೆ: ಹೊರಗಿನ ಕವರ್ ತೆಗೆದ ಹೊಸ ಸೆಟ್ಟನ್ನು ಜೋಡಿಸುವ ಮುಂಚೆ ಕೊಕ್ಕೆಯ ತಕ್ಕಡಿಗೆ ಒಮ್ಮೆ ಹಾಕಿ, ಎಲ್ಲ ಮುಗಿಸಿ ಕಳಚಿದ ಮೇಲೆ ಇನ್ನೊಮ್ಮೆ ಹಾಕಿ. ಫ್ಲಶ್ ನೀರು ಎರಡೂ ಸಲ ಸೆಟ್ಟಿನೊಳಗೇ ಇರುವುದರಿಂದ ಲೆಕ್ಕದಿಂದ ಹೋಗುತ್ತದೆ. ಪ್ರತಿ ಸಲ ತುಂಬುವ ಅಳತೆ ಒಂದೇ ಆಗಿದ್ದರೆ ಎರಡು ತೂಕದ ವ್ಯತ್ಯಾಸವೇ ದೇಹದಿಂದ ಹೆಚ್ಚಿಗೆ ಹೊರಬಂದ ನೀರು. ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್.

ಬೆಳಗ್ಗೆ ಆ ವ್ಯತ್ಯಾಸ ಮೈನಸ್ ಬಂದರೆ ಗಾಬರಿ ಬೇಡ. 1.5 ಶೇಕಡಾ ಡೆಕ್ಸ್ಟ್ರೋಸ್ (ಸಕ್ಕರೆ) ಇರುವ ಬ್ಯಾಗ್ ಇಡೀ ರಾತ್ರಿ ಹೊಟ್ಟೆಯಲ್ಲಿದ್ದರೆ ಆ ಸಕ್ಕರೆ ದೇಹಕ್ಕೆ ಸೇರಿ ನೀರನ್ನು ಎಳೆಯುವ ಶಕ್ತಿ ಮುಗಿಯುತ್ತದೆ, ಆಮೇಲೆ ನೀರು ವಾಪಸು ಒಳಕ್ಕೆ ಹೋಗುತ್ತದೆ. ಇದು ದಿನವೂ ಆದರೆ ಡಾಕ್ಟರಿಗೆ ತೋರಿಸಿ, ನೀವೇ ಹೆಚ್ಚು ಸಕ್ಕರೆಯ 4.25 ಶೇಕಡಾ ಬ್ಯಾಗಿಗೆ ಹಾರಬೇಡಿ. ಅಂಥ ಒಂದು ಬ್ಯಾಗಿನಲ್ಲಿ 85 ಗ್ರಾಂ ಡೆಕ್ಸ್ಟ್ರೋಸ್ ಇರುತ್ತದೆ, ಶುಗರ್ ಇರುವವರಿಗೆ ಅದು ಸಣ್ಣ ಮಾತಲ್ಲ. ಖಾರದ ಒಣಮೀನಿನ ಚಟ್ನಿ, ಉಪ್ಪಿನಕಾಯಿ ತಿಂದು, ಬಾಯಾರಿ ನೀರು ಕುಡಿದು, ಆ ನೀರನ್ನು ಎಳೆಯಲು ಗಟ್ಟಿ ಬ್ಯಾಗ್ ಹಾಕಿಕೊಳ್ಳುವವರಿಗೆ ಕಂಡಕ್ಟರಣ್ಣ ಹೇಳುವುದು: "ಉಪ್ಪು ಬಿಡಿ ಮಾರಾಯ್ರೆ, ಬ್ಯಾಗ್ ತಾನೇ ಹಗುರ ಆಗ್ತದೆ."

ನೀರು ಇಳಿಯುವುದು ನಿಧಾನವಾದರೆ ಮೊದಲು ಟ್ಯೂಬ್ ಎಲ್ಲಾದರೂ ಮಡಚಿದೆಯಾ ನೋಡಿ, ಮಗ್ಗುಲು ಬದಲಿಸಿ, ಎದ್ದು ನಿಲ್ಲಿ. ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ, ಹೊಟ್ಟೆ ಕಟ್ಟಿ ಎಷ್ಟು ದಿನ ಆಯ್ತು? ತುಂಬಿದ ಕರುಳು ಕ್ಯಾಥೆಟರ್ ತುದಿಯನ್ನು ತಳ್ಳಿಬಿಡುತ್ತದೆ. ಎಷ್ಟೋ 'ಪೈಪ್ ಬ್ಲಾಕ್'ಗಳು ಮಲಬದ್ಧತೆಯ ಔಷಧಿಯಲ್ಲೇ ಬಿಟ್ಟುಹೋಗುತ್ತವೆ. ನೀರಿನಲ್ಲಿ ಬಿಳಿ ಎಳೆಗಳು ಕಂಡರೆ ಅದು ಫೈಬ್ರಿನ್ ಎಂಬ ಪ್ರೋಟೀನ್, ಆಸ್ಪತ್ರೆಗೆ ಹೇಳಿ.

ಈಗ ನನಗೆ ಸೋಂಕು ಹತ್ತಿದ ಆ ರಾತ್ರಿ.

ಹೊರಬಂದ ಬ್ಯಾಗನ್ನು ಉದಯವಾಣಿ ಪುಟದ ಮೇಲೆ ಇಟ್ಟು ನೋಡುವುದು ನಮ್ಮೆಲ್ಲರ ರೂಢಿ. ಅಕ್ಷರ ಓದಲು ಬಂದರೆ ಸರಿ. ಅವತ್ತು ದೊಡ್ಡ ಹೆಡ್‌ಲೈನೂ ಕಾಣಲಿಲ್ಲ. ಮೈಯೆಲ್ಲ ನಡುಕ, ಹೊರಗೆ ಆಷಾಢದ ಮಳೆ. ಫೋನಿನಲ್ಲಿ ಕಂಡಕ್ಟರಣ್ಣ ಕೇಳಿದ್ದು ಒಂದೇ, "ಬ್ಯಾಗ್ ಚೆಲ್ಲಲಿಲ್ಲ ಅಲ್ಲ?" ಮೋಡ ಕಟ್ಟಿದ ಮೊದಲ ಬ್ಯಾಗೇ ಸಾಕ್ಷಿ. ಅದರಲ್ಲಿ ಬಿಳಿ ರಕ್ತಕಣ ಒಂದು ಮೈಕ್ರೋಲೀಟರಿಗೆ 100ಕ್ಕಿಂತ ಹೆಚ್ಚಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ (ಕ್ರಿಮಿಗಳ ವಿರುದ್ಧ ಹೋರಾಡುವ ಬಿಳಿ ಕಣ) ಆಗಿದ್ದರೆ ಸೋಂಕು ಎಂದೇ ಹಿಡಿಯುತ್ತಾರೆ. ಯಾವ ಕ್ರಿಮಿ ಎಂದು ತಿಳಿಯುವ ಕಲ್ಚರ್‌ಗೂ ಆ್ಯಂಟಿಬಯೋಟಿಕ್ ಬೀಳುವ ಮುಂಚಿನ ಆ ನೀರೇ ಬೇಕು. ಚೆಲ್ಲಿ ಬರಿಗೈಯಲ್ಲಿ ಹೋದರೆ ಅಂದಾಜಿನ ಔಷಧಿಯೇ ಗತಿ. ಬೆಳಗಾಗಲಿ ಎಂದು ಕಾಯುವಂತೆಯೂ ಇಲ್ಲ.

ನಾವು ಆಸ್ಪತ್ರೆ ತಲುಪುವ ಹೊತ್ತಿಗೆ ಅವರು ರೇನ್‌ಕೋಟಿನಲ್ಲಿ ಗೇಟಿನ ಹತ್ತಿರ ನಿಂತಿದ್ದರು. ಕೈಚೀಲದಲ್ಲಿ ಅವರ ರಾತ್ರಿಯ ಬ್ಯಾಗ್ ಇತ್ತು. ಬ್ಯಾಗ್ ಬದಲಿಸುವ ತಮ್ಮ ಎಕ್ಸ್‌ಚೇಂಜನ್ನೂ ಬಿಟ್ಟು ಬಂದಿದ್ದರು. ಸಿಸ್ಟರ್ ಹತ್ತಿರ ಒಂದು ಕೋಣೆ ಕೇಳಿಕೊಂಡು, ಫ್ಯಾನ್ ನಿಲ್ಲಿಸಿ, ಬಾಗಿಲು ಹಾಕಿ ಅದನ್ನು ಮುಗಿಸಿ ಬಂದು, ಬೆಳಗಿನವರೆಗೆ ಮರದ ಬೆಂಚಿನ ಮೇಲೆ ಕುಳಿತರು. ಆ ವಯಸ್ಸಿನಲ್ಲಿ, ಹೊಟ್ಟೆಯಲ್ಲಿ ಎರಡು ಲೀಟರ್ ನೀರಿಟ್ಟುಕೊಂಡು.

ನೋವು ಏರಿದಾಗ ನಾನು, ಸಾಕು, ಇದನ್ನು ತೆಗೆದುಬಿಡಿ, ಯಾವುದೂ ಬೇಡ ಎಂದು ಕೂಗಿದ್ದೆನಂತೆ. ಕೂಗಿದ್ದು ನನಗೆ ನೆನಪಿದೆ. 'ಯಾವುದೂ' ಎಂದರೆ ಡಯಾಲಿಸಿಸ್ ಮಾತ್ರ ಆಗಿರಲಿಲ್ಲ. ಮನೆಯವರಿಗೆ ಅದು ಈಗ ಇದನ್ನು ಓದುವಾಗ ಗೊತ್ತಾಗಬಹುದು, ಕಂಡಕ್ಟರಣ್ಣನಿಗೆ ಆಗಲೇ ಗೊತ್ತಾಗಿತ್ತು. ಸಮಾಧಾನ ಹೇಳಲಿಲ್ಲ, ದೇವರ ಹೆಸರೆತ್ತಲಿಲ್ಲ. "ಇವತ್ತು ತೀರ್ಮಾನ ಬೇಡ ಟೀಚರೇ. ಐದು ದಿನದ ಬ್ಯಾಗ್ ನೋಡುವ, ಮತ್ತೆ ಹೇಳುವ" ಎಂದರು. ಅದು ಅವರು ಸುಮ್ಮನೆ ಹೇಳಿದ ಲೆಕ್ಕ ಅಲ್ಲ. ಸರಿಯಾದ ಔಷಧಿ ಬಿದ್ದು ಐದು ದಿನವಾದರೂ ನೀರು ತಿಳಿಯಾಗದಿದ್ದರೆ ಸಾಮಾನ್ಯವಾಗಿ ಕ್ಯಾಥೆಟರ್ ತೆಗೆಯುತ್ತಾರೆ. ಮರುದಿನದಿಂದ ಪುಸ್ತಕದಲ್ಲಿ ಹೊಸ ಕಾಲಂ ಹಾಕಿಸಿದರು: ಅಕ್ಷರ ಕಾಣುತ್ತದೆಯೇ? ಹಾಸಿಗೆಯಲ್ಲೇ ಕುಳಿತು ನಾನೇ ಬರೆಯಬೇಕು, ಬ್ಯಾಗನ್ನು ನಾನೇ ಎತ್ತಿ ನೋಡಬೇಕು. ಹೆಡ್‌ಲೈನ್ ಕಂಡಿತು, ಮತ್ತೆ ಸಣ್ಣ ತಲೆಬರಹ, ಮತ್ತೆ ಕ್ಲಾಸಿಫೈಡಿನ ಸಣ್ಣ ಅಕ್ಷರ. ರೌಂಡ್ಸಿಗೆ ಬಂದ ಡಾಕ್ಟರು ಆ ಪುಟವನ್ನೇ ಕೇಳಿ ನೋಡತೊಡಗಿದರು.

ಕಂಡಕ್ಟರಣ್ಣ, ಬ್ಯಾಗ್ ಬದಲಿಸಿ ಕೊಡುವ ಜನ ನನಗೆ ಬೇಕಾದಷ್ಟು ಇದ್ದರು. ನೀವು ಒಮ್ಮೆಯೂ ಕೊಡಲಿಲ್ಲ. ಬಹಳ ಉಪಕಾರ ಆಯ್ತು.

ಒಪಿಡಿಗೆ ಮೂರು ಪ್ರಶ್ನೆ ಬರೆದುಕೊಂಡೇ ಹೋಗುತ್ತೇನೆ, ಔಷಧಿಗಳ ಹೆಸರು ಬಾಯಿಪಾಠ ಬರುತ್ತದೆ, ಹಲ್ಲು ಕೀಳಿಸುವುದಿದ್ದರೆ ಮೊದಲು ಕಿಡ್ನಿ ಡಾಕ್ಟರಿಗೆ ಹೇಳಬೇಕು ಎಂಬುದೂ ನೆನಪಿದೆ. ಇನ್ನು ಯಕ್ಷಗಾನ ಮೇಳಗಳು ಹೊರಟ ಮೇಲೆ ನೀವು ಹೇಳಿದ ಉಪಾಯ ನೋಡಬೇಕು. ಒಂಬತ್ತೂವರೆಗೆ ರಾತ್ರಿಯ ಬ್ಯಾಗ್ ತುಂಬಿಸಿಕೊಂಡು ಹೋದರೆ ಬೆಳಗ್ಗೆ ಮಂಗಳ ಹಾಡುವ ತನಕ ಆಟ ನೋಡಬಹುದು ಎಂದಿದ್ದಿರಿ.

ನೋಡಲು ಬರುತ್ತೇವೆ ಎಂದವರಿಗೆ: ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಐದು, ರಾತ್ರಿ ಒಂಬತ್ತೂವರೆ, ಆ ಹೊತ್ತಿಗೆ ಅರ್ಧ-ಮುಕ್ಕಾಲು ಗಂಟೆ ಬಾಗಿಲು ಹಾಕಿರುತ್ತದೆ, ಬೆಲ್ ಒತ್ತಿದರೂ ತೆಗೆಯುವುದಿಲ್ಲ. ಶೀತ-ಕೆಮ್ಮು ಇದ್ದರೆ ಇನ್ನೊಂದು ವಾರ ಬಿಟ್ಟು ಬನ್ನಿ. ಬೊಂಡ (ಎಳನೀರು) ತರಬೇಡಿ, ಪೊಟ್ಯಾಸಿಯಂ ವರದಿ ಇನ್ನೂ ಬಂದಿಲ್ಲ. ಮೊಟ್ಟೆ ತಂದರೆ ಬೇಡ ಅನ್ನುವುದಿಲ್ಲ, ನೀರಿನ ಜೊತೆ ದಿನವೂ ಪ್ರೋಟೀನ್ ಹೊರಗೆ ಹೋಗುತ್ತದೆ.