ಕೌಂಟರಿನ ಈ ಕಡೆಯಿಂದ

ಲೋ ಕುಳ್ಳ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಎತ್ತಿದ ತಕ್ಷಣ ಕೊಡೆ ವಿಷಯ ತೆಗೆಯುತ್ತೀಯ, ಇಬ್ಬರೂ ನಕ್ಕು ನಕ್ಕು ಹೇಳಬೇಕಾದ್ದು ಅಲ್ಲೇ ಉಳಿಯುತ್ತೆ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಕೊಡೆ ಯಾರದು ಅಂತ ಮಾತ್ರ ಹೇಳುವುದಿಲ್ಲ, ಹೆದರಬೇಡ.

ಕೆಲಸ ಕೈಗೆ ಹತ್ತಿದೆ ಕಣೋ. ಬೆಂಗಳೂರಿಗೆ ಬಂದು ಸಪ್ಲೈಯರ್ ಆಗಿ ಸೇರಿದವನು ಈಗ ಬಾರ್ ಕೌಂಟರಿನ ಒಳಗೆ ನಿಂತಿದ್ದೇನೆ. ಕೈಯಲ್ಲೊಂದು ಸ್ಟೀಲ್ ಮೆಷರ್. ಒಂದು ಮಗ್ಗುಲು 30 ಎಂಎಲ್, ತಿರುಗಿಸಿದರೆ 60. ಅಂಚಿನ ತನಕ ತುಂಬಬೇಕು, ಹನಿ ಚೆಲ್ಲಬಾರದು. ಎದುರಿಗೆ ನಿಂತವರು ನನ್ನ ಮುಖ ನೋಡುವುದಿಲ್ಲ, ಮೆಷರ್ ನೋಡುತ್ತಾರೆ. ರಾತ್ರಿ ಹತ್ತಕ್ಕೆ ಎಲ್ಲ ಟೇಬಲ್‌ನಿಂದ ಒಟ್ಟಿಗೇ 'ರಿಪೀಟ್' ಬಂದರೂ ಯಾರಿಗೆ ಸೋಡಾ, ಯಾರಿಗೆ ಬರೀ ನೀರು ಅಂತ ತಲೆಯಲ್ಲೇ ಇರುತ್ತೆ. ಈ ಕೆಲಸ ನನಗೆ ನಿಜಕ್ಕೂ ಇಷ್ಟ.

ಮೊನ್ನೆ ಗುರುವಾರ ಜಡಿಮಳೆ. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಬಾಗಿಲ ಮೆಟ್ಟಿಲ ಮೇಲೆ ನಿಂತ. ಒಳಗೆ ಕಾಲಿಡಲಿಲ್ಲ. "ಅಣ್ಣಾ, ನಮ್ಮಪ್ಪ ಇದ್ದಾರಾ?" ಅಂದ. ಅವರಪ್ಪ ದಿನಾ ಏಳಕ್ಕೆ ಬರುವವರು. ಎರಡು ಸಿಕ್ಸ್ಟಿ, ಬರೀ ನೀರು, ಯಾರ ತಂಟೆಗೂ ಹೋಗದ ಮನುಷ್ಯ. ಕಂಬದ ಹಿಂದಿನಿಂದ ನನಗೆ ಕೈ ಆಡಿಸಿದರು, ಹೇಳಬೇಡ ಅಂತ.

ನಾನು ಗ್ಲಾಸ್ ಒರೆಸುತ್ತಲೇ "ಇಲ್ಲ ಪುಟ್ಟ, ಈಗಷ್ಟೇ ಹೋದರು" ಅಂದೆ.

ಹುಡುಗ ಮಾತಾಡಲಿಲ್ಲ. ಹೊರಗೆ ಅಪ್ಪನ ಬೈಕ್ ನಿಂತಿತ್ತಲ್ಲ, ಅದರ ಒದ್ದೆ ಸೀಟನ್ನು ಅಂಗೈಯಲ್ಲಿ ಒಂದು ಸಲ ಒರೆಸಿದ. ಆಮೇಲೆ ಮಳೆಯಲ್ಲೇ ಹೋದ.

ನಮ್ಮೂರ ಸಾರಾಯಿ ಅಂಗಡಿ ನೆನಪಿದೆಯಾ? ನೀನು ಕಲ್ಲಿನ ಮೇಲೆ ಕೂತು ನನ್ನ ಸ್ಕೂಲ್ ಬ್ಯಾಗ್ ಹಿಡಿದಿರುತ್ತಿದ್ದೆ, ನಾನು ಬಾಗಿಲಲ್ಲಿ ಅಪ್ಪನನ್ನು ಕೇಳುತ್ತಿದ್ದೆ. ಅಂಗಡಿಯವನು ಪ್ಯಾಕೆಟ್ ಎಣಿಸುತ್ತಲೇ "ಈಗಷ್ಟೇ ಹೋದ ಕಣೋ" ಅನ್ನುತ್ತಿದ್ದ. ಒಳಗಿಂದ ಅಪ್ಪನ ಕೆಮ್ಮು ಕೇಳಿಸುತ್ತಿತ್ತು. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಲ್ಲಿಸಿದಾಗ ಅಮ್ಮ ಪಾಯಸ ಮಾಡಿದ್ದಳು. ಆ ಪಾತ್ರೆ ತೊಳೆದು ಒಣಗುವಷ್ಟರಲ್ಲಿ ಅಪ್ಪ ಪೇಟೆಯ ಬ್ರಾಂದಿ ಅಂಗಡಿ ದಾರಿ ಹಿಡಿದಿದ್ದ.

ಅಂಗಡಿಯವನ ಆ ಮಾತು ಇಷ್ಟು ವರ್ಷ ನನ್ನ ಬಾಯಲ್ಲೇ ಇತ್ತಾ ಕುಳ್ಳ? ಯೋಚನೆಯನ್ನೂ ಮಾಡದೆ ಬಂತು. ಅಮ್ಮನಿಗೆ ನಾನು ಇವತ್ತಿಗೂ ಹೋಟೆಲ್ ಕೆಲಸ ಅಂತಲೇ ಹೇಳಿದ್ದೇನೆ. ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ಮರುದಿನ ಅವರು ಬಂದಾಗ ಮೆಲ್ಲಗೆ ಹೇಳಿದೆ: "ಸರ್, ಇನ್ನೊಂದು ಸಲ ಮಗ ಬಂದರೆ ನಾನು ಸುಳ್ಳು ಹೇಳಲ್ಲ." ತಲೆ ಎತ್ತಲಿಲ್ಲ. ಒಂದೇ ಸಿಕ್ಸ್ಟಿಗೆ ಎದ್ದರು. ಆಮೇಲೆ ಮೂರು ದಿನವಾಯಿತು, ಬಂದಿಲ್ಲ. ಮನೆಗೆ ಹೋಗುತ್ತಿದ್ದಾರೋ, ಬೇರೆ ಬಾರ್‌ಗೋ. ಏಳಾದರೆ ಸಾಕು, ಕಣ್ಣು ಬಾಗಿಲಿಗೇ ಹೋಗುತ್ತೆ.

ಸಾಕು, ಜಾಸ್ತಿಯೇ ಆಯಿತು. ಅಕ್ಟೋಬರ್ 2 ಡ್ರೈ ಡೇ, ಬಾರ್‌ಗೆ ಬೀಗ, ನನಗೆ ರಜೆ. ಸುಮ್ನೆ ಬಸ್ ಹತ್ತಿ ಬಂದುಬಿಡು. ನಿಂಬೆಹಣ್ಣಿನ ಶರಬತ್ತು ಮಾಡಿಕೊಡುತ್ತೇನೆ, ಮೆಷರ್ ಇಲ್ಲದೆ, ಚೊಂಬಿನ ತುಂಬ. ಬರುವಾಗ ಕೊಡೆ ತಾ. ಯಾರದಾದರೂ ಸರಿ.