ತೂಕ ಇಳಿಸುವ ಡಬ್ಬಿಗಳನ್ನು ಇನ್ನು ಯಾಕೆ ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರೀತಿಯ ಗ್ರಾಹಕರೇ, ಸದಸ್ಯರೇ,

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಸಹಕಾರಿ ಔಷಧಿ ಮಳಿಗೆಯಲ್ಲಿ ಎರಡು ಬದಲಾವಣೆ ಮಾಡುತ್ತಿದ್ದೇವೆ. ಬಾಗಿಲಿನ ಪಕ್ಕದ ಕಪಾಟಿನಲ್ಲಿದ್ದ ತೂಕ ಇಳಿಸುವ ಮಾತ್ರೆ, ಪುಡಿ, ಡ್ರಾಪ್ಸ್‌ಗಳನ್ನು ಇನ್ನು ಮಾರುವುದಿಲ್ಲ. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂನಂಥ ಸಪ್ಲಿಮೆಂಟ್‌ಗಳು ಮೊದಲಿನ ಹಾಗೇ ಸಿಗುತ್ತವೆ. ಆದರೆ ನೀವೇ ಎತ್ತಿಕೊಂಡು ಬಿಲ್ ಮಾಡಿಸುವ ಹಾಗಿರುವುದಿಲ್ಲ. ಕೌಂಟರಿನಲ್ಲಿ ಕೇಳಿದರೆ ಒಳಗಿನಿಂದ ತೆಗೆದು ಕೊಡುತ್ತೇವೆ. ಕೊಡುವ ಮೊದಲು ಎರಡು ಮೂರು ಪ್ರಶ್ನೆ ಕೇಳುತ್ತೇವೆ. ಇದಕ್ಕೆ ಒಂದೈದು ನಿಮಿಷ ಜಾಸ್ತಿ ಹಿಡಿಯಬಹುದು. ಯಾಕೆ ಹೀಗೆ ಮಾಡಿದೆವು ಅನ್ನುವುದನ್ನು ನಿಮಗೆ ಬಿಡಿಸಿ ಹೇಳಬೇಕು.

ಕೆಲವು ತಿಂಗಳ ಹಿಂದೆ ನಮ್ಮ ಸದಸ್ಯರೊಬ್ಬರು ಅರ್ಧ ಖಾಲಿಯಾದ ಡಬ್ಬಿ ಹಿಡಿದುಕೊಂಡು ಬಂದರು. ನಮ್ಮಲ್ಲೇ ಕೊಂಡದ್ದು. ಪೂರ್ತಿ ಗಿಡಮೂಲಿಕೆಯದು ಎಂದು ಅದರ ಮೇಲೆ ದೊಡ್ಡದಾಗಿ ಬರೆದಿತ್ತು. ಮೂರು ವಾರದಿಂದ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಬಾಯಿ ಒಣಗುತ್ತಿತ್ತು. ಬಿಪಿ ಏರಿತ್ತು. ‘ಏನಾದರೂ ಔಷಧಿ ತಗೊಳ್ತಿದ್ದೀರಾ?’ ಎಂದು ವೈದ್ಯರು ಕೇಳಿದಾಗ ಇಲ್ಲ ಎಂದಿದ್ದರಂತೆ. ಅವರು ಸುಳ್ಳು ಹೇಳಿರಲಿಲ್ಲ. ಆ ಪುಡಿಯನ್ನು ಅವರು ಔಷಧಿ ಎಂದುಕೊಂಡೇ ಇರಲಿಲ್ಲ. ರಾತ್ರಿ ಅದರ ನೆನಪಾಗಿ, ಬೆಳಿಗ್ಗೆ ನಮ್ಮ ಕೌಂಟರಿಗೆ ತಂದು ಇಟ್ಟು ಕೇಳಿದರು: ‘ಇದರಲ್ಲಿ ಏನಿದೆ ಅಂತ ಹೇಳ್ತೀರಾ?’

ನಮಗೆ ಹೇಳಲು ಆಗಲಿಲ್ಲ. ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಹೇಳಬಹುದಿತ್ತು, ಅದನ್ನು ಅವರೂ ಓದಿದ್ದರು. ಒಂಬತ್ತು ಗಿಡಗಳ ಹೆಸರು, ಕೊನೆಗೆ ‘ವಿಶೇಷ ಮಿಶ್ರಣ’ ಎಂದು ಒಟ್ಟು ತೂಕ ಮಾತ್ರ. ಯಾವುದು ಎಷ್ಟು ಅನ್ನುವುದಿಲ್ಲ. ಪ್ರಯೋಗಾಲಯದ ಪರೀಕ್ಷಾ ವರದಿ ಕೊಡಿ ಎಂದು ತಯಾರಕರಿಗೆ ಬರೆದೆವು. ಎರಡು ಸಲ ನೆನಪಿಸಿದೆವು. ವರದಿ ಬರಲಿಲ್ಲ, ಜಾಹೀರಾತಿನ ಕಾಗದ ಬಂತು. ಅವರ ತೊಂದರೆಗೆ ಆ ಪುಡಿಯೇ ಕಾರಣ ಎಂದು ನಾವು ಹೇಳುತ್ತಿಲ್ಲ. ಪುಡಿ ನಿಲ್ಲಿಸಿದ ಮೇಲೆ ಅವರು ಸುಧಾರಿಸಿಕೊಂಡರು, ಅಷ್ಟು ಹೇಳಬಲ್ಲೆವು. ಒಳಗೆ ಏನಿದೆ ಎಂದು ನಮಗೇ ತಿಳಿಯದ ವಸ್ತುವನ್ನು ಔಷಧಿ ಅಂಗಡಿಯವರಾದ ನಾವು ನಂಬಿಕೆಯಿಂದ ಬಂದವರ ಕೈಗೆ ಕೊಟ್ಟಿದ್ದೆವು. ಆ ಸದಸ್ಯರ ಕ್ಷಮೆ ಕೇಳಿದ್ದೇವೆ. ನಿಮ್ಮೆಲ್ಲರಲ್ಲೂ ಕೇಳುತ್ತೇವೆ.

ಆಮೇಲೆ ಕೂತು ಓದಿದೆವು. ಓದಿದಷ್ಟೂ ಆ ಕಪಾಟಿನ ಕಡೆ ನೋಡಲು ಕಷ್ಟವಾಯಿತು. 2007ರಿಂದ 2016ರ ನಡುವೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 776 ಸಪ್ಲಿಮೆಂಟ್‌ಗಳಲ್ಲಿ ಲೇಬಲ್ ಮೇಲೆ ಹೇಳದ ಔಷಧಿ ಬೆರೆಸಿರುವುದನ್ನು ಪಟ್ಟಿ ಮಾಡಿತ್ತು. ಅವುಗಳಲ್ಲಿ ಶೇ 40ಕ್ಕಿಂತ ಹೆಚ್ಚು ತೂಕ ಇಳಿಸುವ ಸರಕು. ಅಂಥ ಸರಕಿನಲ್ಲಿ ಅತಿ ಹೆಚ್ಚಾಗಿ ಸಿಕ್ಕಿದ್ದು ಸಿಬುಟ್ರಮಿನ್. ಇದು ಒಂದು ಕಾಲಕ್ಕೆ ವೈದ್ಯರೇ ಬರೆದುಕೊಡುತ್ತಿದ್ದ ಹಸಿವು ಕಡಿಮೆ ಮಾಡುವ ಮಾತ್ರೆ. ಹೃದಯದ ಕಾಯಿಲೆ ಇದ್ದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗುತ್ತದೆ ಎಂದು ಗೊತ್ತಾಗಿ 2010ರಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಯಿಂದ ಅದನ್ನು ತೆಗೆದರು. ಬಾಯಿ ಒಣಗುವುದು, ನಿದ್ದೆಗೇಡು, ಎದೆಬಡಿತ ಜೋರಾಗುವುದು ಅದರ ಗೊತ್ತಿರುವ ಅಡ್ಡಪರಿಣಾಮಗಳು. ಅದನ್ನೇ ಹಸಿರು ಎಲೆಯ ಚಿತ್ರ ಹಾಕಿದ ಡಬ್ಬಿಗಳಲ್ಲಿ ಸೇರಿಸಿ ಮಾರುತ್ತಾರೆ. ಕೆಲವದರಲ್ಲಿ ಫೀನಾಲ್ಫ್‌ಥಲೀನ್ ಎಂಬ ಹಳೆಯ ಭೇದಿ ಔಷಧಿಯೂ ಸಿಕ್ಕಿದೆ. ತಿಂದ ಒಂದು ವಾರಕ್ಕೇ ‘ಎಷ್ಟು ಚೆನ್ನಾಗಿ ಕೆಲಸ ಮಾಡ್ತಿದೆ’ ಅನ್ನಿಸುವ ಗಿಡಮೂಲಿಕೆ ಮಾತ್ರೆಯನ್ನು ಕಂಡರೆ ಈಗ ನಮಗೆ ಖುಷಿಗಿಂತ ಭಯವೇ ಜಾಸ್ತಿ.

ಗಿಡದಿಂದ ಬಂದದ್ದು ತಾನೇ, ಏನಾಗುತ್ತೆ ಎಂದು ಬಹಳ ಜನ ಕೇಳುತ್ತಾರೆ. ಎಫೆಡ್ರಾ ಕೂಡ ಗಿಡವೇ. ಅದರ ಸಾರ ಇದ್ದ ಸಪ್ಲಿಮೆಂಟ್‌ಗಳನ್ನು ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ನೋಡಿ ಅಮೆರಿಕದಲ್ಲಿ 2004ರಲ್ಲಿ ನಿಷೇಧಿಸಿದರು. ಗ್ರೀನ್ ಟೀ ಕುಡಿಯುವುದು ಬೇರೆ, ಅದರ ಸಾರವನ್ನು ಗಟ್ಟಿ ಮಾಡಿ ಮಾತ್ರೆಯಾಗಿ ನುಂಗುವುದು ಬೇರೆ. ಅದರಲ್ಲಿರುವ ಇಜಿಸಿಜಿ ಎಂಬ ಅಂಶ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಮಾತ್ರೆಯ ರೂಪದಲ್ಲಿ ಹೋದರೆ ಲಿವರ್‌ಗೆ ತೊಂದರೆ ಆಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಗಾರ್ಸಿನಿಯಾ ಎಂಬ ಹುಳಿ ಹಣ್ಣಿನ ಸಿಪ್ಪೆಯ ಸಾರ ನಮ್ಮಲ್ಲಿ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಸರಕು. ಅದರ ಮೇಲೆ 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 135 ಜನರನ್ನು 12 ವಾರ ನೋಡಿದರು. ಅರ್ಧ ಜನರಿಗೆ ಗಾರ್ಸಿನಿಯಾ, ಉಳಿದವರಿಗೆ ಅದೇ ಥರ ಕಾಣುವ ಖಾಲಿ ಮಾತ್ರೆ. ಕೊನೆಗೆ ಎರಡೂ ಗುಂಪಿನ ನಡುವೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನು ತಿಂದವರಲ್ಲಿ ಲಿವರ್ ಕೆಟ್ಟ ವರದಿಗಳು ಮಾತ್ರ ಆಮೇಲೆ ಬಂದಿವೆ.

‘ಆದರೆ ನನಗೆ ಮೊದಲ ವಾರವೇ ಎರಡು ಕಿಲೋ ಇಳೀತು’ ಎಂದು ನಿಮ್ಮಲ್ಲಿ ಕೆಲವರು ಹೇಳಿದ್ದೀರಿ. ಅದು ನಿಜವೇ. ಆದರೆ ಇಳಿದದ್ದರಲ್ಲಿ ಬಹುಪಾಲು ನೀರು. ನಮ್ಮ ದೇಹ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ಜೊತೆಗೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಕಡಿಮೆ ಮಾಡಿದಾಗ ಮೊದಲು ಖರ್ಚಾಗುವುದು ಈ ಗ್ಲೈಕೋಜನ್. ಜೊತೆಗೆ ನೀರೂ ಹೋಗುತ್ತದೆ, ಮುಳ್ಳು ಸರಸರ ಇಳಿಯುತ್ತದೆ. ಸರಿಯಾಗಿ ಉಂಡ ಎರಡು ದಿನದಲ್ಲಿ ಅದು ವಾಪಸ್ ಬರುತ್ತದೆ. ಭೇದಿಯ ಮಾತ್ರೆಯೂ, ಮೂತ್ರ ಜಾಸ್ತಿ ಮಾಡುವ ಮಾತ್ರೆಯೂ ಹೀಗೆ ನೀರನ್ನೇ ಹೊರಹಾಕುತ್ತವೆ. ಅವುಗಳಿಂದ ಕೊಬ್ಬು ಕರಗುವುದಿಲ್ಲ. ನೀರಿನ ಜೊತೆ ಪೊಟ್ಯಾಸಿಯಂ ಹೋಗುತ್ತದೆ, ಅದು ಬಹಳ ಕಡಿಮೆಯಾದರೆ ಹೃದಯದ ಬಡಿತವೇ ತಪ್ಪುತ್ತದೆ. ತೂಕ ಇಳಿಸಲು ಭೇದಿ ಮಾತ್ರೆ ಕೇಳಿಕೊಂಡು ಬರುವ ಹದಿಹರೆಯದ ಮಕ್ಕಳನ್ನು ನೋಡಿದ್ದೇವೆ. ಅವರಿಗೆ ಮಾತ್ರೆ ಕೊಡುವುದಿಲ್ಲ. ಬೈದು ಕಳಿಸುವುದೂ ಇಲ್ಲ. ಮನೆಯಲ್ಲಿ ಇಂಥ ಮಗು ಇದ್ದರೆ ದಯವಿಟ್ಟು ಮೃದುವಾಗಿ ಮಾತಾಡಿಸಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಕೊಬ್ಬನ್ನು ನಿಜಕ್ಕೂ ಸುಡುವ ಒಂದು ರಾಸಾಯನಿಕ ಇದೆ. ಅದರ ಬಗ್ಗೆ ಹೇಳದೇ ಇರಲಾಗುವುದಿಲ್ಲ, ಯಾಕೆಂದರೆ ಅದು ಇವತ್ತಿಗೂ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹೆಸರು ಡಿಎನ್‌ಪಿ. ಒಂದನೇ ಮಹಾಯುದ್ಧದಲ್ಲಿ ಸ್ಫೋಟಕ ತಯಾರಿಸಲು ಬಳಸಿದ್ದ ವಸ್ತು. 1930ರ ದಶಕದಲ್ಲಿ ಅದನ್ನು ತೂಕ ಇಳಿಸುವ ಮಾತ್ರೆಯಾಗಿ ಮಾರಿದರು. ದೇಹದ ಜೀವಕೋಶಗಳು ಶಕ್ತಿಯನ್ನು ಕೂಡಿಡಲಾಗದೆ ಎಲ್ಲವೂ ಶಾಖವಾಗಿ ಹೋಗುವಂತೆ ಅದು ಮಾಡುತ್ತದೆ. ತೂಕ ಇಳಿಯಿತು. ಜೊತೆಗೆ ಕಣ್ಣಿಗೆ ಪೊರೆ ಬಂತು, ಮೈ ಬಿಸಿಯೇರಿ ಜನ ಸತ್ತರು. ಒಮ್ಮೆ ಶಾಖ ಏರಿದರೆ ಅದನ್ನು ತಡೆಯುವ ಮದ್ದು ಇವತ್ತಿಗೂ ಇಲ್ಲ. ‘ಫ್ಯಾಟ್ ಬರ್ನರ್’ ಎಂದು ಹಳದಿ ಪುಡಿ ಯಾರಾದರೂ ಕೊಟ್ಟರೆ, ಸ್ನೇಹಿತರೇ ಕೊಟ್ಟರೂ, ಮುಟ್ಟಬೇಡಿ.

ಹಾಗಾದರೆ ತೂಕ ಇಳಿಸಲು ಔಷಧಿಯೇ ಇಲ್ಲವಾ? ಇದೆ. ಪರೀಕ್ಷೆಯಾದ, ಒಳಗೆ ಏನಿದೆ ಎಂದು ಗೊತ್ತಿರುವ ಔಷಧಿಗಳಿವೆ. ಓರ್ಲಿಸ್ಟಾಟ್ ಎಂಬ ಮಾತ್ರೆ, ನಾವು ತಿಂದ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಭಾಗ ಮೈಗೆ ಹತ್ತದಂತೆ ತಡೆಯುತ್ತದೆ. ಅದರ ಫಲ ಸಾಧಾರಣ, ಹೊಟ್ಟೆಯ ತೊಂದರೆ ಸಾಮಾನ್ಯ. ವಾರಕ್ಕೊಂದು ಇಂಜೆಕ್ಷನ್ ಆಗಿ ಬರುವ ಸೆಮಾಗ್ಲುಟೈಡ್ ಬಗ್ಗೆ ನೀವು ಕೇಳಿಯೇ ಇರುತ್ತೀರಿ. 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರ ತೂಕ 68 ವಾರದಲ್ಲಿ ಸರಾಸರಿ ಶೇ 15ರಷ್ಟು ಇಳಿಯಿತು. ನಿಲ್ಲಿಸಿ ಒಂದು ವರ್ಷ ಆದಾಗ ಇಳಿದದ್ದರಲ್ಲಿ ಮೂರನೇ ಎರಡು ಭಾಗ ಮತ್ತೆ ಏರಿತ್ತು. ಇವನ್ನು ವೈದ್ಯರ ಚೀಟಿ ಇದ್ದವರಿಗೆ ಮೊದಲಿನಂತೆಯೇ ಕೊಡುತ್ತೇವೆ. ಚೀಟಿ ಇಲ್ಲದೆ ಕೊಡುವುದಿಲ್ಲ. ಇಂಥ ಔಷಧಿ ತೆಗೆದುಕೊಳ್ಳುವವರನ್ನು ಯಾರೂ ಸೋಮಾರಿ ಎಂದು ಅನ್ನಬಾರದು. ತೂಕ ಒಬ್ಬರ ಮನಸ್ಸಿನ ಗಟ್ಟಿತನದ ಲೆಕ್ಕ ಅಲ್ಲ. ವಂಶ, ನಿದ್ದೆ, ಥೈರಾಯ್ಡ್, ಬೇರೆ ಕಾಯಿಲೆಗೆ ತಿನ್ನುವ ಮಾತ್ರೆ, ಎಲ್ಲವೂ ಅದರಲ್ಲಿ ಸೇರಿರುತ್ತವೆ. ಜನರ ಮಾತಿಗೆ ನೊಂದು ಆ ಕಪಾಟಿನ ಮುಂದೆ ಬಂದು ನಿಂತವರನ್ನು ನಾವು ದಿನಾ ನೋಡಿದ್ದೇವೆ. ಅವರಿಗೆ ಇಷ್ಟು ಹೇಳಬೇಕು: ತೂಕದಲ್ಲಿ ಶೇ 5ರಿಂದ 10ರಷ್ಟು ಇಳಿದರೂ ಬಿಪಿ, ಸಕ್ಕರೆ ಸುಧಾರಿಸುತ್ತವೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು.

ಇನ್ನು ಸಪ್ಲಿಮೆಂಟ್ ವಿಷಯ. ಇವುಗಳ ಮೇಲೆ ನಮಗೆ ಸಿಟ್ಟೇನೂ ಇಲ್ಲ. ಬೇಕಾದವರಿಗೆ ಅವು ಬೇಕೇ ಬೇಕು. ಗರ್ಭ ಧರಿಸುವ ಯೋಚನೆ ಇರುವ ಹೆಣ್ಣುಮಕ್ಕಳು ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಯ ದೋಷಗಳು ಕಡಿಮೆಯಾಗುತ್ತವೆ. ಪ್ರಾಣಿಮೂಲದ ಆಹಾರವನ್ನೇ ತಿನ್ನದವರಿಗೆ ಬಿ12 ಬೇಕು. ಬಹಳ ಕಾಲ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತಿಂದವರಲ್ಲೂ ಅದು ಕಡಿಮೆಯಾಗಬಹುದು. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಕಬ್ಬಿಣ ಬೇಕು. ಕೊರತೆ ಇಲ್ಲದವರು ಸುಮ್ನೆ ‘ಇರಲಿ’ ಎಂದು ನುಂಗಿದಾಗ ತೊಂದರೆ ಶುರುವಾಗುತ್ತದೆ. 1994ರಲ್ಲಿ ಫಿನ್ಲೆಂಡಿನಿಂದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದು ಎಂಬ ಆಸೆಯಿಂದ, ಸಿಗರೇಟು ಸೇದುವ 29 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿಕೊಂಡು ಬೀಟಾ ಕ್ಯಾರೋಟಿನ್ ಪರೀಕ್ಷಿಸಿದ್ದರು. ಅದನ್ನು ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಯಿತು. ಒಳ್ಳೆಯದು ಎಂದು ಎಲ್ಲರೂ ನಂಬಿದ್ದ, ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು ಅದು. ಹೀಗಾಗಬಹುದು ಎಂದು ಯಾರೂ ಊಹಿಸಿರಲಿಲ್ಲ.

ಕೌಂಟರಿನಲ್ಲಿ ನಾವು ಮೊದಲು ಕೇಳುವುದು, ‘ಬೇರೆ ಯಾವ ಮಾತ್ರೆ ತಗೊಳ್ತೀರಿ?’ ಅಂತ. ಇದನ್ನು ಕೆದಕುವುದು ಎಂದುಕೊಳ್ಳಬೇಡಿ. ಥೈರಾಯ್ಡ್ ಮಾತ್ರೆಯ ಜೊತೆಗೇ ಕಬ್ಬಿಣ ಅಥವಾ ಕ್ಯಾಲ್ಸಿಯಂ ನುಂಗಿದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಸೇರುವುದಿಲ್ಲ, ನಾಲ್ಕು ಗಂಟೆ ಅಂತರ ಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ತಿನ್ನುವವರಿಗೆ ವಿಟಮಿನ್ ಕೆ ಅದರ ಕೆಲಸವನ್ನೇ ಕಡಿಮೆ ಮಾಡುತ್ತದೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡದ ಮಾತ್ರೆ ಗರ್ಭನಿರೋಧಕ ಮಾತ್ರೆಯ ಬಲವನ್ನು ಇಳಿಸುತ್ತದೆ. ಕೂದಲಿಗೆಂದು ಕೊಳ್ಳುವ ಬಯೋಟಿನ್ ಹೆಚ್ಚಿನ ಪ್ರಮಾಣದಲ್ಲಿ ಇದ್ದರೆ ರಕ್ತ ಪರೀಕ್ಷೆಯ ಫಲಿತಾಂಶವೇ ತಪ್ಪಾಗಿ ಬರಬಹುದು. ಹೃದಯಾಘಾತವನ್ನು ಗುರುತಿಸುವ ಟ್ರೋಪೋನಿನ್ ಪರೀಕ್ಷೆಯೂ ಅದರಲ್ಲಿ ಒಂದು.

ಆಮೇಲೆ, ಗರ್ಭಿಣಿಯಾ ಎಂದು ಕೇಳುತ್ತೇವೆ. ವಿಟಮಿನ್ ಎ ಅತಿಯಾದರೆ ಮಗುವಿಗೆ ಅಂಗದೋಷ ಆಗಬಹುದು. ಮನೆಯಲ್ಲಿ ಈಗಾಗಲೇ ಯಾವ ಡಬ್ಬಿಗಳಿವೆ ಎಂದೂ ಕೇಳುತ್ತೇವೆ, ಯಾಕೆಂದರೆ ಮೂರು ಬೇರೆ ಬೇರೆ ಹೆಸರಿನ ಡಬ್ಬಿಗಳಲ್ಲಿ ಒಂದೇ ವಿಟಮಿನ್ ಇರುತ್ತದೆ. ಬಿ6 ಹೀಗೆ ಸೇರಿ ಸೇರಿ ಜಾಸ್ತಿಯಾದರೆ ಕೈಕಾಲಿನ ನರಗಳಿಗೆ ಹಾನಿ ಆಗುತ್ತದೆ. ಸತು ಬಹಳ ಕಾಲ ಹೆಚ್ಚು ತಿಂದರೆ ದೇಹದಲ್ಲಿ ತಾಮ್ರ ಕಡಿಮೆಯಾಗುತ್ತದೆ. ಕಬ್ಬಿಣದ ಮಾತ್ರೆ ಕೊಂಡವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಡಬ್ಬಿಯನ್ನು ಬೀಗ ಹಾಕಿದ ಜಾಗದಲ್ಲಿ ಇಡಿ ಎಂದು ಪ್ರತಿ ಸಲವೂ ಹೇಳುತ್ತೇವೆ. ಮಿಠಾಯಿ ಎಂದುಕೊಂಡು ಒಂದು ಹಿಡಿ ನುಂಗಿದರೆ ಮಗುವಿನ ಜೀವಕ್ಕೇ ಅಪಾಯ.

ಉತ್ತರ ಕೊಡಲು ಇಷ್ಟ ಇಲ್ಲದಿದ್ದರೆ ಬಲವಂತ ಇಲ್ಲ. ಎಲ್ಲರ ಮುಂದೆ ಹೇಳಲು ಸಂಕೋಚ ಆದರೆ ಒಳಗೆ ಕರೆದು ಕೂರಿಸಿ ಮಾತಾಡುತ್ತೇವೆ.

ನಾವು ಮಾರದಿದ್ದರೆ ಬೇರೆ ಕಡೆ ಕೊಳ್ಳುತ್ತಾರೆ, ಸುಮ್ನೆ ವ್ಯಾಪಾರ ಕಳೆದುಕೊಳ್ಳುತ್ತೀರಿ ಎಂದು ಕೆಲವು ಸದಸ್ಯರು ಸಭೆಯಲ್ಲಿ ಹೇಳಿದರು. ಅವರ ಮಾತಿನಲ್ಲಿ ಅರ್ಥ ಇದೆ. ಆ ಕಪಾಟಿನಿಂದ ಬರುತ್ತಿದ್ದ ಲಾಭ ಚಿಕ್ಕದೇನೂ ಅಲ್ಲ. ಆದರೆ ಅದರಲ್ಲಿದ್ದ ಸರಕಿಗೆ ಔಷಧಿ ಅಂಗಡಿಯ ಹೆಸರೇ ಒಂದು ಭರವಸೆಯಾಗಿತ್ತು, ಅಲ್ವಾ? ಆ ಭರವಸೆ ಕೊಡಲು ನಮ್ಮ ಹತ್ತಿರ ಆಧಾರ ಇಲ್ಲ. ಬೇರೆ ಕಡೆ ಕೊಂಡರೂ ಸರಿ, ತಿನ್ನುವ ಮೊದಲು ಡಬ್ಬಿ ತಂದು ತೋರಿಸಿ. ವೈದ್ಯರ ಹತ್ತಿರ ಹೋಗುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ.

ನಮ್ಮಲ್ಲಿ ಕೊಂಡ ತೂಕ ಇಳಿಸುವ ಯಾವುದೇ ಸರಕು ನಿಮ್ಮ ಮನೆಯಲ್ಲಿ ಉಳಿದಿದ್ದರೆ ವಾಪಸ್ ತನ್ನಿ. ಸೀಲ್ ಒಡೆದಿದ್ದರೂ ಪರವಾಗಿಲ್ಲ, ಬಿಲ್ ಇಲ್ಲದಿದ್ದರೂ ಪರವಾಗಿಲ್ಲ, ಹಣ ಹಿಂದಿರುಗಿಸುತ್ತೇವೆ. ಅದನ್ನು ತಿನ್ನುತ್ತಿರುವವರಿಗೆ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ, ಎದೆ ನೋವು ಬಂದರೆ, ಬಡಿತ ಏರುಪೇರಾದರೆ, ತಲೆ ಸುತ್ತಿ ಬಿದ್ದರೆ, ನಮ್ಮಲ್ಲಿಗೆ ಬರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಡಬ್ಬಿ ಜೊತೆಗಿರಲಿ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಮಾತ್ರ ಈ ಪತ್ರ ಓದಿ ನಿಲ್ಲಿಸಬೇಡಿ.

ಖಾಲಿಯಾದ ಕಪಾಟಿನ ಜಾಗದಲ್ಲಿ ಒಂದು ಮೇಜು, ಎರಡು ಕುರ್ಚಿ, ಬಿಪಿ ನೋಡುವ ಯಂತ್ರ ಇಟ್ಟಿದ್ದೇವೆ. ಅಂಗಡಿ ತೆರೆದಿರುವಷ್ಟು ಹೊತ್ತೂ ನಮ್ಮ ಫಾರ್ಮಸಿಸ್ಟ್‌ಗಳಲ್ಲಿ ಒಬ್ಬರು ಅಲ್ಲಿರುತ್ತಾರೆ. ಏನೂ ಕೊಳ್ಳದಿದ್ದರೂ ಬಂದು ಕೂರಬಹುದು.

ನಿಮ್ಮ,
ಸಹಕಾರಿ ಔಷಧಿ ಮಳಿಗೆಯ ಸಿಬ್ಬಂದಿ ಮತ್ತು ಆಡಳಿತ ಮಂಡಳಿ